ಮುದ್ರಣಾಲಯದ ಹಳೆಯ ಕಡತಗಳು, ಟ್ಯಾಲಿ ಲೆಕ್ಕ, ಮನೆಯ ಫೋಟೊಗಳು: ನಂಬಬಹುದಾದ ಬ್ಯಾಕಪ್ ವ್ಯವಸ್ಥೆ ಹೇಗಿರಬೇಕು?

ಅಚ್ಚುಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಮೊಳೆ ಜೋಡಿಸುವ ಕಾಲ ಮುಗಿದು ಆಫ್‌ಸೆಟ್‌ಗೆ ಬಂದ ಮೇಲೆ ಮಾಡಿದ ಕೆಲಸವೆಲ್ಲ ಕಂಪ್ಯೂಟರಿನಲ್ಲಿಯೇ ಉಳಿದುಕೊಂಡಿದೆ. ಲಗ್ನಪತ್ರಿಕೆಗಳು, ಮಠಗಳ ಜಾತ್ರಾ ಸಂಚಿಕೆಗಳು, ಅಭಿನಂದನ ಗ್ರಂಥಗಳು, ಶಾಲೆಗಳ ರಸೀದಿ ಪುಸ್ತಕಗಳು, ಕೆಲವು ಲೇಖಕರ ಪೂರ್ಣ ಪುಸ್ತಕಗಳು, ಹೀಗೆ ಪೇಜ್‌ಮೇಕರ್, ಕೋರೆಲ್‌ಡ್ರಾ ಮತ್ತು ಇತ್ತೀಚಿನ ಇನ್‌ಡಿಸೈನ್ ಕಡತಗಳು ಸೇರಿ ಸುಮಾರು ಒಂದೂವರೆ ಟೆರಾಬೈಟ್ ಆಗಿವೆ. ಇದರ ಜೊತೆಗೆ ವ್ಯವಹಾರದ ಟ್ಯಾಲಿ ಲೆಕ್ಕವಿದೆ. ಮನೆಯವರ ಫೋಟೊಗಳೂ ಅದೇ ಕಂಪ್ಯೂಟರಿನಲ್ಲಿವೆ.

ಸದ್ಯ ಇರುವ ವ್ಯವಸ್ಥೆ ಇಷ್ಟು. ಮುಖ್ಯ ಕಂಪ್ಯೂಟರಿಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸದಾ ಜೋಡಿಸಿಯೇ ಇರುತ್ತದೆ ಮತ್ತು ಪ್ರತಿದಿನ ಸಂಜೆ ಒಂದು ಬ್ಯಾಚ್ ಫೈಲ್ (ಆದೇಶಗಳ ಪಟ್ಟಿಯಿರುವ ಕಡತ) ಓಡಿ ಎಲ್ಲವನ್ನೂ ಅದಕ್ಕೆ ನಕಲು ಮಾಡುತ್ತದೆ. ಚಾಲ್ತಿಯಲ್ಲಿರುವ ಕೆಲಸದ ಫೋಲ್ಡರ್ ಗೂಗಲ್ ಡ್ರೈವ್‌ನೊಂದಿಗೆ ತಾನಾಗಿಯೇ ಹೊಂದಿಕೊಳ್ಳುತ್ತಿರುತ್ತದೆ (ಸಿಂಕ್). ಇಷ್ಟು ಸಾಕೆಂದೇ ತಿಳಿದಿದ್ದೆವು. ಆದರೆ ಕಳೆದ ತಿಂಗಳು ನಮ್ಮದೇ ಬೀದಿಯ ಇನ್ನೊಂದು ಮುದ್ರಣಾಲಯದಲ್ಲಿ ಒಂದು ಬೆಳಿಗ್ಗೆ ಎಲ್ಲ ಕಡತಗಳ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರಗಳು ಸೇರಿಕೊಂಡು, ಯಾವುದೂ ತೆರೆಯದಂತಾಗಿ, ಹಣ ಕೇಳುವ ಒಂದು ಪತ್ರ ಮಾತ್ರ ಪ್ರತಿ ಫೋಲ್ಡರಿನಲ್ಲೂ ಕಾಣಿಸಿತು. ಜೋಡಿಸಿಟ್ಟಿದ್ದ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿದ್ದ ನಕಲುಗಳಿಗೂ ಅದೇ ಗತಿಯಾಯಿತು. ಅವರದೂ ನಮ್ಮಂಥದೇ ಏರ್ಪಾಡಾಗಿತ್ತು ಎಂಬುದೇ ನನ್ನ ಚಿಂತೆ.

ದೊಡ್ಡ ಕಂಪನಿಗಳಂತೆ ವೆಚ್ಚ ಮಾಡುವ ಶಕ್ತಿ ನಮಗಿಲ್ಲ. ಅಂಗಡಿಯಲ್ಲಿ ಕಂಪ್ಯೂಟರ್ ಬಲ್ಲವರು ಇಬ್ಬರು ಮಾತ್ರ. ಇಂಥ ಸ್ಥಿತಿಯಲ್ಲಿ ಏನು ಮಾಡಿದರೆ ನಿಶ್ಚಿಂತೆಯಿಂದ ಇರಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಕಡತಪಾಲಕ

ನಿಮ್ಮ ಪ್ರಶ್ನೆಯಲ್ಲಿಯೇ ಮುಖ್ಯವಾದ ಸಂಗತಿ ಅಡಗಿದೆ. ಎಷ್ಟು ಪ್ರತಿಗಳಿವೆ ಎಂದು ಎಣಿಸುವುದಕ್ಕೆ ಮೊದಲು, ಒಂದೇ ಅವಘಡ ಅವುಗಳಲ್ಲಿ ಎಷ್ಟನ್ನು ಏಕಕಾಲಕ್ಕೆ ಮುಟ್ಟಬಲ್ಲದು ಎಂದು ಕೇಳಿಕೊಳ್ಳಬೇಕು. ನಿಮ್ಮ ಕಂಪ್ಯೂಟರ್, ಅದಕ್ಕೆ ಜೋಡಿಸಿದ ಡಿಸ್ಕ್ ಮತ್ತು ಗೂಗಲ್ ಡ್ರೈವ್ ಮೂರೂ ಒಂದೇ ಲಾಗಿನ್‌ನ ಕೈಗೆ ಸಿಗುತ್ತವೆ. ಆ ಲಾಗಿನ್‌ನಲ್ಲಿ ಓಡುವ ಯಾವುದೇ ಪ್ರೋಗ್ರಾಂ, ಅದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಆಗಿರಲಿ, ತಪ್ಪಾಗಿ ಬರೆದ ಬ್ಯಾಚ್ ಫೈಲ್ ಆಗಿರಲಿ, ಮೂರನ್ನೂ ಬದಲಿಸಬಲ್ಲದು. ಹೀಗಾಗಿ ನೋಡಲು ಮೂರು ಪ್ರತಿಗಳಿದ್ದರೂ ಕಾಪಾಡುವ ಶಕ್ತಿಯಲ್ಲಿ ಅದು ಒಂದೇ ಪ್ರತಿ.

ನಿಮ್ಮ ಬ್ಯಾಚ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಅದರಲ್ಲಿ ನಕಲು ಮಾಡುವ ರೋಬೊಕಾಪಿ ಆದೇಶವಿದ್ದು ಅದರ ಕೊನೆಗೆ ಓರೆಗೆರೆಯೊಂದಿಗೆ ‘ಎಂಐಆರ್’ (/MIR) ಎಂಬ ಅಕ್ಷರಗಳಿದ್ದರೆ, ಅದು ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲೂ ಅಳಿಸುತ್ತದೆ. ಸೋಮವಾರ ಯಾರೋ ಕೈತಪ್ಪಿ ಅಳಿಸಿದ ಫೋಲ್ಡರ್ ಸೋಮವಾರ ಸಂಜೆಯೇ ಡಿಸ್ಕಿನಿಂದಲೂ ಹೋಗಿರುತ್ತದೆ. ಗೂಗಲ್ ಡ್ರೈವ್ ಹೊಂದಿಸುವ ಕ್ರಮವೂ ಇದೇ ಬಗೆಯದು. ಅಳಿಸಿದ ಕಡತ ಅದರ ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ, ಅನಂತರ ತಾನಾಗಿ ಹೋಗುತ್ತದೆ. ಕಳೆದ ವರ್ಷದ ಜಾತ್ರಾ ಸಂಚಿಕೆ ಬೇಕೆಂದು ಮಠದವರು ಬಂದು ಕೇಳುವುದು ಮುಂದಿನ ಜಾತ್ರೆಯ ಹೊತ್ತಿಗೆ. ಆದ್ದರಿಂದ ಹೊಂದಿಸುವಿಕೆಯನ್ನು ಕೆಲಸದ ಅನುಕೂಲವೆಂದು ಇಟ್ಟುಕೊಳ್ಳಿ, ಬ್ಯಾಕಪ್ ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

ಈ ವಿಷಯದಲ್ಲಿ ಎಲ್ಲರೂ ಹೇಳುವ ಮೂರು-ಎರಡು-ಒಂದು ಎಂಬ ನಿಯಮವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು. ಮೂಲವೂ ಸೇರಿ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದು ಬೇರೆ ಸ್ಥಳದಲ್ಲಿರಬೇಕು. ಇದು ರಾನ್ಸಮ್‌ವೇರ್ ಈಗಿನಷ್ಟು ಹಬ್ಬುವ ಮೊದಲು ಹುಟ್ಟಿದ ಮಾತು. ಹಾಗಾಗಿ ಇಂದು ಅದಕ್ಕೆ ಇನ್ನೆರಡನ್ನು ಸೇರಿಸುವುದು ಅಗತ್ಯ: ಒಂದು ಪ್ರತಿ ಯಾವ ಕಂಪ್ಯೂಟರಿಗೂ ಜೋಡಣೆಯಾಗದೆ ಇರಬೇಕು, ಮತ್ತು ಪ್ರತಿಗಳಿಂದ ಕಡತವನ್ನು ಮರಳಿ ಪಡೆದು ನೋಡಿರಬೇಕು.

ನಿಮ್ಮ ಅಂಗಡಿಗೆ ಹೊಂದುವ ಏರ್ಪಾಡು ದುಬಾರಿಯಾಗಬೇಕಿಲ್ಲ. ಈಗಿರುವ ಡಿಸ್ಕಿನ ಜೊತೆಗೆ ಇನ್ನೂ ಎರಡು ಡಿಸ್ಕುಗಳನ್ನು, ಸಾಧ್ಯವಾದರೆ ಬೇರೆ ಬೇರೆ ತಯಾರಕರದ್ದನ್ನು, ಕೊಳ್ಳಿ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಚೀಟಿ ಅಂಟಿಸಿ. ಶನಿವಾರ ಸಂಜೆ ಕೆಂಪು ಡಿಸ್ಕನ್ನು ಜೋಡಿಸಿ, ಬ್ಯಾಕಪ್ ಮುಗಿದ ಕೂಡಲೇ ತೆಗೆದು ಮನೆಗೆ ಒಯ್ಯಬೇಕು. ಮುಂದಿನ ಶನಿವಾರ ನೀಲಿ ಡಿಸ್ಕಿನ ಸರದಿ. ಎರಡೂ ಒಂದೇ ಹೊತ್ತಿಗೆ ಅಂಗಡಿಯಲ್ಲಿ ಇರಬಾರದು. ಬ್ಯಾಕಪ್ ಓಡುತ್ತಿರುವಾಗಲೇ ಸೋಂಕು ತಗುಲಿದರೂ ಒಂದು ಡಿಸ್ಕ್ ಹೊರಗಿರುತ್ತದೆ ಎಂಬುದೇ ಇದರ ಬಲ. ಬರಿಯ ನಕಲಿಗೆ ಬದಲಾಗಿ ಹಳೆಯ ಆವೃತ್ತಿಗಳನ್ನೂ ಉಳಿಸುವ ತಂತ್ರಾಂಶವನ್ನು ಬಳಸಿ. ಕೋಪಿಯಾ, ಡುಪ್ಲಿಕಾಟಿ, ರೆಸ್ಟಿಕ್ ಇವೆಲ್ಲ ಉಚಿತ. ಆದೇಶಗಳನ್ನು ಟೈಪ್ ಮಾಡುವ ಅಭ್ಯಾಸವಿಲ್ಲದಿದ್ದರೆ ಮೊದಲ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಕೊನೆಗೊಂದು ಮಾತನ್ನು ಬೇಸರಪಡದೆ ಕೇಳಬೇಕು. ಹೆಸರಿನ ಕೊನೆಗೆ ನಾಲ್ಕು ಅಕ್ಷರ ಸೇರಿಸುವ ರಾನ್ಸಮ್‌ವೇರ್ ಎಂದರೆ ಬಹುಮಟ್ಟಿಗೆ ಸ್ಟಾಪ್ ಅಥವಾ ಡಿಜೆವಿಯು ಎಂಬ ಕುಟುಂಬದ್ದು, ಮತ್ತು ಅದು ಹೆಚ್ಚಾಗಿ ಹರಡುವುದು ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಬೀಗ ಮುರಿದು ಬಳಸುವ, ತಂತ್ರಾಂಶಗಳ ಮೂಲಕ. ಡಿಟಿಪಿ ಅಂಗಡಿಗಳಲ್ಲಿ ಇಂಥ ತಂತ್ರಾಂಶಗಳ ಬಳಕೆ ಎಷ್ಟಿದೆ ಎಂಬುದು ನಮಗೆಲ್ಲ ತಿಳಿದಿದೆ. ಆ ಬಾಗಿಲನ್ನು ಮುಚ್ಚುವುದೂ ಈ ಕೆಲಸದ ಭಾಗವೇ.

ಖಾತೆಪುಸ್ತಕ

ನಾನು ತೆರಿಗೆ ಸಲಹೆಯ ಕೆಲಸದಲ್ಲಿರುವುದರಿಂದ ಟ್ಯಾಲಿಯ ಕುರಿತು ಮಾತ್ರ ಬರೆಯುತ್ತೇನೆ. ಟ್ಯಾಲಿ ತನ್ನ ಲೆಕ್ಕವನ್ನು ಸಂಖ್ಯೆಯ ಹೆಸರುಳ್ಳ ಒಂದು ಫೋಲ್ಡರಿನೊಳಗೆ ಹಲವು ಕಡತಗಳಾಗಿ ಇಡುತ್ತದೆ, ಮತ್ತು ಆ ಕಡತಗಳು ಪರಸ್ಪರ ಹೊಂದಿಕೊಂಡಿದ್ದರೆ ಮಾತ್ರ ಲೆಕ್ಕ ತೆರೆಯುತ್ತದೆ. ಟ್ಯಾಲಿ ತೆರೆದಿರುವಾಗ ಆ ಫೋಲ್ಡರನ್ನು ನಕಲು ಮಾಡಿದರೆ ಕೆಲವು ಕಡತ ಹಳೆಯದಾಗಿ, ಕೆಲವು ಹೊಸದಾಗಿ ಬರುವ ಅಪಾಯವಿದೆ. ಟ್ಯಾಲಿಯ ಚಾಲ್ತಿ ಫೋಲ್ಡರನ್ನೇ ಗೂಗಲ್ ಡ್ರೈವ್‌ಗೆ ಹೊಂದಿಸಿದ್ದರೆ ಇಂದೇ ಅದನ್ನು ಬಿಡಿಸಿ. ಟ್ಯಾಲಿಯೊಳಗೇ ಇರುವ ಬ್ಯಾಕಪ್ ಸೌಲಭ್ಯವನ್ನು ಬಳಸಿ, ಅದು ಕೊಡುವ ಕಡತವನ್ನು ದಿನಾಂಕದ ಹೆಸರಿನ ಫೋಲ್ಡರಿನಲ್ಲಿ ಇಡಿ. ದಿನಾಂಕದ ಫೋಲ್ಡರ್ ಏಕೆಂದರೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬ್ಯಾಕಪ್ ಕೊಟ್ಟರೆ ಹೊಸದು ಹಳೆಯದರ ಮೇಲೆಯೇ ಕೂರಬಹುದು, ಆಗ ಮಾರ್ಚ್ ತಿಂಗಳಲ್ಲಿ ಕೆಟ್ಟ ಲೆಕ್ಕವನ್ನು ಜೂನ್‌ನಲ್ಲಿ ಗುರುತಿಸಿದರೆ ಮರಳಲು ಯಾವ ದಿನವೂ ಉಳಿದಿರುವುದಿಲ್ಲ.

ಬ್ಯಾಕಪ್ ಸರಿಯಿದೆಯೇ ಎಂದು ಪರೀಕ್ಷಿಸುವಾಗ ಎಚ್ಚರವಿರಲಿ. ಮರಳಿ ಪಡೆಯುವ ಜಾಗವಾಗಿ ಚಾಲ್ತಿಯಲ್ಲಿರುವ ಫೋಲ್ಡರನ್ನೇ ಕೊಟ್ಟರೆ ಇಂದಿನ ಲೆಕ್ಕದ ಮೇಲೆ ಹಿಂದಿನ ವಾರದ ಲೆಕ್ಕ ಬಂದು ಕೂರಬಹುದು. ‘ಪರೀಕ್ಷೆ’ ಎಂಬ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಇಳಿಸಿಕೊಳ್ಳಿ, ಆ ದಿನದ ನಗದು ಶಿಲ್ಕು ಮತ್ತು ಒಂದೆರಡು ಗಿರಾಕಿಗಳ ಬಾಕಿಯನ್ನು ಕಾಗದದಲ್ಲಿ ಮುದ್ರಿಸಿಟ್ಟ ಪ್ರತಿಯೊಂದಿಗೆ ತಾಳೆ ನೋಡಿ. ಲೆಕ್ಕವನ್ನು ಗೂಢಲಿಪಿಯಲ್ಲಿ ಮುಚ್ಚಿಡುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಬರೆದಿಡುವುದು ಕಡ್ಡಾಯವೆಂದೇ ತಿಳಿಯಿರಿ, ಮರೆತರೆ ಆ ಲೆಕ್ಕವನ್ನು ತೆರೆಯುವ ದಾರಿಯಿಲ್ಲ.

ಎಷ್ಟು ಕಾಲ ಇಡಬೇಕು ಎಂಬುದಕ್ಕೆ ಕಾನೂನೇ ಉತ್ತರ ಕೊಟ್ಟಿದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2023-24ರ ಲೆಕ್ಕ 2030ರ ಡಿಸೆಂಬರ್ ಕೊನೆಯವರೆಗೆ ಬೇಕಾಗುತ್ತದೆ ಎಂದಾಯಿತು, ಮೇಲ್ಮನವಿ ಇದ್ದರೆ ಇನ್ನೂ ಹೆಚ್ಚು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಎಂಟು ಹಣಕಾಸು ವರ್ಷಗಳ ಪುಸ್ತಕಗಳು ಇರಬೇಕು. ಜೊತೆಗೆ 2022ರ ಆಗಸ್ಟ್‌ನ ತಿದ್ದುಪಡಿಯ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿರುವ ಲೆಕ್ಕದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಆಗಬೇಕು. ಸ್ವಂತ ಮಾಲೀಕತ್ವದ ಅಥವಾ ಪಾಲುದಾರಿಕೆಯ ಅಂಗಡಿಗೆ ಈ ದಿನಂಪ್ರತಿಯ ನಿಯಮ ಅನ್ವಯಿಸುವುದಿಲ್ಲವಾದರೂ ಪಾಲಿಸಿದರೆ ಒಳ್ಳೆಯದು. ಟ್ಯಾಲಿ ಬ್ಯಾಕಪ್ ಗಾತ್ರದಲ್ಲಿ ಬಹಳ ಚಿಕ್ಕದು, ಹೊರೆಯಾಗುವುದಿಲ್ಲ.

ಪೆಟ್ಟಿಗೆಸಂಗ್ರಹ

ಮೇಲಿನ ಸಲಹೆಗಳು ಸರಿಯಾಗಿಯೇ ಇವೆ, ಆದರೆ ವಾರವಾರ ಡಿಸ್ಕ್ ಜೋಡಿಸಿ ತೆಗೆಯುವ ಶಿಸ್ತು ಅಂಗಡಿಯ ಗಡಿಬಿಡಿಯಲ್ಲಿ ಎಷ್ಟು ದಿನ ನಡೆದೀತು? ಎರಡು ಡಿಸ್ಕುಗಳ ನ್ಯಾಸ್ ಪೆಟ್ಟಿಗೆಯೊಂದನ್ನು (ನೆಟ್‌ವರ್ಕಿಗೆ ಜೋಡಿಸುವ ಸಂಗ್ರಹ ಪೆಟ್ಟಿಗೆ) ತಂದು, ಎರಡೂ ಡಿಸ್ಕಿಗೆ ಒಂದೇ ಹೊತ್ತಿಗೆ ಬರೆಯುವ ರೇಡ್ 1 ಕ್ರಮದಲ್ಲಿ ಇರಿಸಿದರೆ ಎಲ್ಲವೂ ತಾನಾಗಿ ನಡೆಯುತ್ತದೆ, ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ.

ಕಡತಪಾಲಕ

ಶಿಸ್ತು ಉಳಿಯುವುದು ಕಷ್ಟ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ತಾನಾಗಿ ನಡೆಯುವ ಬ್ಯಾಕಪ್ ಒಂದು ಇರಲೇಬೇಕು. ಆದರೆ ರೇಡ್ ಉಳಿಸುವುದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ಮಾತ್ರ. ಕಡತ ಅಳಿಸಿದರೆ ಎರಡೂ ಡಿಸ್ಕುಗಳಿಂದ ಅದೇ ಕ್ಷಣದಲ್ಲಿ ಅಳಿಯುತ್ತದೆ. ಸಿಡಿಲಿಗೆ ವಿದ್ಯುತ್ ಏರುಪೇರಾದರೆ, ಕಳ್ಳರು ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ, ಎರಡೂ ಜೊತೆಯಲ್ಲೇ ಹೋಗುತ್ತವೆ. ನ್ಯಾಸ್ ಕೊಳ್ಳುವುದಾದರೆ ಸ್ನ್ಯಾಪ್‌ಶಾಟ್ (ಆಯಾ ಹೊತ್ತಿನ ಕಡತಗಳ ಸ್ಥಿತಿಯನ್ನು ಉಳಿಸಿಡುವ) ಸೌಲಭ್ಯ ಇರುವುದನ್ನೇ ಕೊಳ್ಳಿ, ಅದರ ಆಡಳಿತದ ಪಾಸ್‌ವರ್ಡನ್ನು ಅಂಗಡಿಯ ಯಾವ ಕಂಪ್ಯೂಟರಿನಲ್ಲೂ ಉಳಿಸಬೇಡಿ, ಕೆಂಪು-ನೀಲಿ ಡಿಸ್ಕುಗಳನ್ನೂ ಬಿಡಬೇಡಿ. ಒಂದಕ್ಕೆ ಮಾತ್ರ ಹಣವಿದ್ದರೆ ನನ್ನ ಆಯ್ಕೆ ಡಿಸ್ಕುಗಳೇ.

ಅಕ್ಷರಜೋಡಣೆ

ಪುಟವಿನ್ಯಾಸದ ಕೆಲಸದಲ್ಲಿರುವ ನಾನು, ಇಲ್ಲಿಯವರೆಗೆ ಯಾರೂ ಹೇಳದ ಒಂದು ಅಪಾಯದ ಕಡೆಗೆ ಗಮನ ಸೆಳೆಯಲು ಬಯಸುತ್ತೇನೆ. ಕಡತ ಸುರಕ್ಷಿತವಾಗಿದ್ದೂ ಓದಲಾಗದ ಸ್ಥಿತಿಯೊಂದಿದೆ, ಮತ್ತು ಕನ್ನಡದ ಹಳೆಯ ಡಿಟಿಪಿ ಕೆಲಸಕ್ಕೆ ಅದು ರಾನ್ಸಮ್‌ವೇರ್‌ನಷ್ಟೇ ನಿಜವಾದ ಅಪಾಯ.

ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳಲ್ಲಿ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮೊದಲು ಟೈಪ್ ಮಾಡಿದ ಪಠ್ಯದಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಹಳೆಯ ನುಡಿಯಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕ’ ಇರಬೇಕಾದಲ್ಲಿ ದೊಡ್ಡಕ್ಷರದ ‘ಪಿ’ ಹಾಗೂ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’ ಕಾಣಿಸುತ್ತವೆ, ‘ನ’ ಇರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣಿಸುತ್ತದೆ. ಅಭಿನಂದನ ಗ್ರಂಥದ ನಾನೂರು ಪುಟಗಳೂ ಹೀಗೆಯೇ ತೆರೆದುಕೊಳ್ಳುತ್ತವೆ. ಆದ್ದರಿಂದ ಬ್ಯಾಕಪ್‌ನಲ್ಲಿ ಕಡತಗಳ ಜೊತೆಗೆ ಫಾಂಟುಗಳ ಫೋಲ್ಡರ್ ಮತ್ತು ಆ ತಂತ್ರಾಂಶಗಳನ್ನು ಸ್ಥಾಪಿಸುವ ಮೂಲ ಕಡತಗಳು ಇರಬೇಕು. ಹಳೆಯ ಶ್ರೀಲಿಪಿಗೆ ಜೊತೆಗೆ ಬಂದಿದ್ದ ಹಾರ್ಡ್‌ವೇರ್ ಲಾಕ್ (ತಂತ್ರಾಂಶ ಓಡಲು ಕಂಪ್ಯೂಟರಿಗೆ ಚುಚ್ಚಬೇಕಾದ ಸಣ್ಣ ಸಾಧನ) ಇದ್ದರೆ ಅದನ್ನೂ ಭದ್ರವಾಗಿಡಿ.

ಪೇಜ್‌ಮೇಕರ್‌ನ ಕಥೆ ಇದಕ್ಕಿಂತ ಕಷ್ಟದ್ದು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆ ಕಡತಗಳನ್ನು ತೆರೆಯುತ್ತಿದ್ದ ಇನ್‌ಡಿಸೈನ್‌ನ ಕೊನೆಯ ಆವೃತ್ತಿ ಸಿಎಸ್6, ಅನಂತರದ ಸಿಸಿ ಆವೃತ್ತಿಗಳು ಅವನ್ನು ತೆರೆಯುವುದಿಲ್ಲ. ಅಂದರೆ ನಿಮ್ಮ ಅಂಗಡಿಯಲ್ಲಿ ಪೇಜ್‌ಮೇಕರ್ ಓಡುತ್ತಿರುವ ಆ ಹಳೆಯ ಕಂಪ್ಯೂಟರ್ ಇರುವವರೆಗೆ ಮಾತ್ರ ಕಾಲಾವಕಾಶವಿದೆ. ಮುಖ್ಯವಾದ ಪ್ರತಿಯೊಂದು ಪುಸ್ತಕವನ್ನೂ ಅಲ್ಲಿಂದಲೇ ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಮಾಡಿ ಇಡಿ. ಮರುಮುದ್ರಣಕ್ಕೆ ಅಷ್ಟು ಸಾಕು. ತಿದ್ದುಪಡಿ ಬೇಕಾಗಬಹುದಾದ ಪುಸ್ತಕಗಳ ಪಠ್ಯವನ್ನು ಹೊರತೆಗೆದು ಯೂನಿಕೋಡ್‌ಗೆ ಬದಲಿಸಿಯೂ ಇಡಬೇಕು. ಬದಲಿಸುವ ತಂತ್ರಾಂಶಗಳು ಸಿಗುತ್ತವೆ, ಆದರೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳಿರುವ ಕಡೆ ಕಣ್ಣಿಟ್ಟು ಕರಡು ತಿದ್ದಬೇಕಾಗುತ್ತದೆ.

ಇನ್ನೊಂದು ಸಂಗತಿಯಿದೆ. ಪೇಜ್‌ಮೇಕರ್ ಮತ್ತು ಇನ್‌ಡಿಸೈನ್ ಕಡತಗಳಲ್ಲಿ ಚಿತ್ರಗಳು ಹೆಚ್ಚಾಗಿ ಒಳಗಿರುವುದಿಲ್ಲ, ಬೇರೆ ಫೋಲ್ಡರಿನಲ್ಲಿರುವ ಚಿತ್ರಕ್ಕೆ ಕೊಂಡಿ ಮಾತ್ರ ಇರುತ್ತದೆ. ಪುಟದ ಕಡತವನ್ನಷ್ಟೇ ನಕಲು ಮಾಡಿದರೆ ಪರದೆಯ ಮೇಲೆ ಚಿತ್ರ ಮಸುಕಾಗಿ ಕಾಣಿಸುತ್ತದೆ, ಅಚ್ಚಿನಲ್ಲೂ ಸ್ಪಷ್ಟವಾಗಿ ಬರುವುದಿಲ್ಲ. ಕೆಲಸ ಮುಗಿದ ದಿನವೇ ಇನ್‌ಡಿಸೈನ್‌ನಲ್ಲಿ ಪ್ಯಾಕೇಜ್, ಕೋರೆಲ್‌ನಲ್ಲಿ ಕಲೆಕ್ಟ್ ಫಾರ್ ಔಟ್‌ಪುಟ್ ಮಾಡಿ, ಪುಟ, ಚಿತ್ರ, ಫಾಂಟ್, ಪಿಡಿಎಫ್ ನಾಲ್ಕೂ ಒಂದೇ ಫೋಲ್ಡರಿನಲ್ಲಿ ಸೇರುವಂತೆ ನೋಡಿಕೊಳ್ಳಿ. ಒಬ್ಬ ಲೇಖಕರು ಬರೆದದ್ದರ ಅಚ್ಚಿಗೆ ಸಿದ್ಧವಾದ ಏಕೈಕ ಪ್ರತಿ ಎಷ್ಟೋ ಸಲ ನಮ್ಮಂಥ ಅಂಗಡಿಗಳ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಆ ಹೊಣೆಯನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು.

ಅಚ್ಚುಮನೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬ್ಯಾಚ್ ಫೈಲನ್ನು ತೆರೆದು ನೋಡಿದೆವು, ಕಡತಪಾಲಕರು ಹೇಳಿದ ಅಕ್ಷರಗಳು ಅದರಲ್ಲಿವೆ. ಡಿಸ್ಕುಗಳನ್ನು ತರಿಸುತ್ತಿದ್ದೇವೆ. ಇನ್ನು ಉಳಿದಿರುವ ಸಂದೇಹಗಳು ಮೂರು. ಹೊರಗಿನ ಪ್ರತಿಗೆ ನಮ್ಮ ಮನೆ ಸಾಕೇ? ಅದು ಅಂಗಡಿಯಿಂದ ಎರಡು ಬೀದಿ ಆಚೆಗಿದೆ. ಒಂದೂವರೆ ಟೆರಾಬೈಟನ್ನು ಕ್ಲೌಡ್‌ಗೆ ಏರಿಸುವುದು ನಮ್ಮ ಇಂಟರ್‌ನೆಟ್‌ನಲ್ಲಿ ಸಾಧ್ಯವೇ? ಏರಿಸುವ ವೇಗ ಸೆಕೆಂಡಿಗೆ 20 ಮೆಗಾಬಿಟ್ ಮಾತ್ರ. ಡಿಸ್ಕ್ ಕಳೆದುಹೋದರೆ ಗಿರಾಕಿಗಳ ಕಾಗದಪತ್ರಗಳು ಬೇರೆಯವರ ಕೈಗೆ ಸಿಗುವುದಿಲ್ಲವೇ?

ಕಡತಪಾಲಕ

ಬೆಂಕಿ ಮತ್ತು ಕಳ್ಳತನಕ್ಕೆ ಎರಡು ಬೀದಿಯ ದೂರ ಸಾಕು. ನೀರಿಗೆ ಸಾಲದೆ ಹೋಗಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನಿಮ್ಮದೇ ಜಿಲ್ಲೆಯ ನರಗುಂದ, ರೋಣ ತಾಲ್ಲೂಕುಗಳಲ್ಲಿ ಊರಿಗೆ ಊರೇ ನೀರಿನಲ್ಲಿ ನಿಂತಿತ್ತು. ಗದಗ ನಗರ ನದಿಯ ದಡದಲ್ಲಿಲ್ಲ ನಿಜ, ಆದರೂ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ನಂಬಿಕೆಯ ಬಂಧುಗಳಿದ್ದರೆ ಮೂರು ತಿಂಗಳಿಗೊಮ್ಮೆ ಒಂದು ಡಿಸ್ಕನ್ನು ಅಲ್ಲಿಗೆ ಒಯ್ದು ಹಳೆಯದನ್ನು ತರುವುದು ಒಳ್ಳೆಯದು. ಇದು ದೊಡ್ಡವರಿಗೂ ತಪ್ಪದ ಮಾತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಕೇಂದ್ರ ಸುಟ್ಟಾಗ, ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಏರಿಸುವ ಲೆಕ್ಕ ಸುಲಭ. ಒಂದೂವರೆ ಟೆರಾಬೈಟ್ ಎಂದರೆ 120 ಲಕ್ಷ ಮೆಗಾಬಿಟ್. ಸೆಕೆಂಡಿಗೆ 20ರಂತೆ 6 ಲಕ್ಷ ಸೆಕೆಂಡ್, ಅಂದರೆ ಹಗಲು ರಾತ್ರಿ ಬಿಡದೆ ಸುಮಾರು ಏಳು ದಿನ. ರಾತ್ರಿ ಹೊತ್ತು ಮಾತ್ರ ಏರಿಸಿದರೆ ಮೂರು ವಾರವಾದೀತು. ಅಸಾಧ್ಯವೇನಲ್ಲ, ಏಕೆಂದರೆ ಮೊದಲ ಸಲದ ನಂತರ ಬದಲಾದ ಭಾಗ ಮಾತ್ರ ಹೋಗುತ್ತದೆ. ಆದರೂ ಮೊದಲು ಆರಿಸಿಕೊಳ್ಳಿ. ಟ್ಯಾಲಿ ಬ್ಯಾಕಪ್, ಅಕ್ಷರಜೋಡಣೆಯವರು ಹೇಳಿದ ಪಿಡಿಎಫ್‌ಗಳು, ಫಾಂಟುಗಳು ಮತ್ತು ಮನೆಯ ಫೋಟೊಗಳು ಸೇರಿ 100 ಗಿಗಾಬೈಟ್ ಆದರೆ ಅದು ಒಂದೇ ರಾತ್ರಿಯಲ್ಲಿ, ಸುಮಾರು 11 ಗಂಟೆಗಳಲ್ಲಿ ಮುಗಿಯುತ್ತದೆ. ಉಳಿದದ್ದನ್ನು ನಿಧಾನವಾಗಿ ಸೇರಿಸುತ್ತ ಹೋಗಿ. ಗಾತ್ರ ದೊಡ್ಡದೆಂದು ಕೈಬಿಡುವುದು ಮಾತ್ರ ಬೇಡ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ಹೋಯಿತು. ಅದಕ್ಕೆ ಹೊರಗೆ ಪ್ರತಿ ಇಲ್ಲದಿರಲು ಅಲ್ಲಿ ಕೊಟ್ಟ ಕಾರಣ ಗಾತ್ರವೇ ಆಗಿತ್ತು.

ಗುಪ್ತತೆಯ ಬಗ್ಗೆ ನಿಮ್ಮ ಆತಂಕ ಸರಿಯಾದದ್ದು. ನಾನು ಹೆಸರಿಸಿದ ತಂತ್ರಾಂಶಗಳು ಕಡತಗಳನ್ನು ಪಾಸ್‌ವರ್ಡಿನಿಂದ ಗೂಢಲಿಪಿಗೆ ಬದಲಿಸಿಯೇ ಡಿಸ್ಕಿಗೂ ಕ್ಲೌಡ್‌ಗೂ ಬರೆಯಬಲ್ಲವು. ಡುಪ್ಲಿಕಾಟಿಯಲ್ಲಿ ಆ ಆಯ್ಕೆಯನ್ನು ತೆಗೆದುಹಾಕದಿರಿ. ಇಡೀ ಡಿಸ್ಕಿಗೆ ಬೀಗ ಹಾಕಬೇಕೆಂದರೆ ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್ ಇದೆ, ಹೋಮ್ ಆವೃತ್ತಿಯವರಿಗೆ ವೆರಾಕ್ರಿಪ್ಟ್ ಉಚಿತವಾಗಿ ಸಿಗುತ್ತದೆ. ಬಿಟ್‌ಲಾಕರ್ ಕೊಡುವ 48 ಅಂಕಿಗಳ ಕೀಲಿಯನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸಿದರೆ ಏನೂ ಉಪಯೋಗವಿಲ್ಲ. ಕಾಗದದ ಮೇಲೆ ಮುದ್ರಿಸಿ, ಪಾಸ್‌ವರ್ಡಿನೊಂದಿಗೆ ಎರಡು ಕಡೆ ಇಡಿ, ಮತ್ತು ಅಂಗಡಿಯ ಇನ್ನೊಬ್ಬರಿಗೂ ಮನೆಯ ಒಬ್ಬರಿಗೂ ಅದು ಎಲ್ಲಿದೆ ಎಂದು ತಿಳಿಸಿರಿ.

ಪರೀಕ್ಷೆಯ ವಿಷಯವನ್ನು ಮುಂದೂಡಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಮುಖ್ಯ ದತ್ತಾಂಶವನ್ನು ಅಳಿಸಿದಾಗ, ನಿಯಮಿತವಾಗಿ ಆಗುತ್ತಿದೆ ಎಂದು ಭಾವಿಸಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ ಎಂಬುದು ಹೊರಬಿತ್ತು. ಬ್ಯಾಕಪ್ ವಿಫಲವಾದುದನ್ನು ತಿಳಿಸುವ ಇ-ಮೇಲ್‌ಗಳೂ ಸ್ವೀಕಾರವಾಗದೆ ಹಿಂದಿರುಗುತ್ತಿದ್ದವು. ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್ ಅದೃಷ್ಟವಶಾತ್ ಇದ್ದುದರಿಂದ ಅವರು ಉಳಿದುಕೊಂಡರು. ನೀವು ತಿಂಗಳಿಗೊಮ್ಮೆ, ಬ್ಯಾಕಪ್ ಮಾಡಿದ ಕಂಪ್ಯೂಟರಿನಲ್ಲಲ್ಲದೆ ಮನೆಯ ಲ್ಯಾಪ್‌ಟಾಪಿನಲ್ಲಿ, ಕೆಂಪು ಅಥವಾ ನೀಲಿ ಡಿಸ್ಕಿನಿಂದ ಹಿಂದಿನ ವರ್ಷದ ಒಂದು ಜಾತ್ರಾ ಸಂಚಿಕೆಯನ್ನು ಇಳಿಸಿಕೊಂಡು ತೆರೆಯಿರಿ. ಚಿತ್ರಗಳು ಸ್ಪಷ್ಟವಾಗಿವೆಯೇ, ಅಕ್ಷರಗಳು ಕನ್ನಡದಲ್ಲಿಯೇ ಇವೆಯೇ, ಪಾಸ್‌ವರ್ಡನ್ನು ಕಾಗದ ನೋಡಿಯೇ ಹಾಕಲು ಆಯಿತೇ ಎಂದು ಗಮನಿಸಿ, ದಿನಾಂಕವನ್ನು ಡಿಸ್ಕಿನ ಚೀಟಿಯ ಮೇಲೆ ಬರೆಯಿರಿ. ಮೊದಲ ಪರೀಕ್ಷೆಯನ್ನು ಡಿಸ್ಕುಗಳು ಬಂದ ವಾರದಲ್ಲಿಯೇ ಮಾಡಿ. ಏನಾದರೂ ತೆರೆಯದಿದ್ದರೆ ಪರದೆಯಲ್ಲಿ ಕಾಣುವ ಸಂದೇಶವನ್ನು ಇಲ್ಲಿ ಹಾಗೆಯೇ ಬರೆದು ತಿಳಿಸಿ, ನೋಡೋಣ.